ಕಲ್ಲಟ್ಟಿ ಇಳಿಜಾರಿನ ಪೆಟ್ರೋಲು

ಕಲ್ಲಟ್ಟಿ ಇಳಿಜಾರಿನ ನೆತ್ತಿ ಬಂತೆಂದರೆ ವಸಂತಾಮಣಿಯ ಕೈ ಸ್ಕೂಟರಿನ ಕೀಲಿಗೆ ಹೋಗುತ್ತಿತ್ತು. ಎಂಜಿನ್ ಆರಿಸಿ, ಬ್ರೇಕ್ ಅದುಮಿಕೊಂಡು ಕೆಳಗಿನವರೆಗೂ ಉರುಳುವುದು. ಊಟಿಯ ಹಾಲಿನ ಕಂಪನಿಯೊಂದರಲ್ಲಿ ಅವಳಿಗೆ ಹಟ್ಟಿ ಹಟ್ಟಿ ತಿರುಗಿ ಹಸು ನೋಡುವ ಕೆಲಸ. ಪೆಟ್ರೋಲಿಗೆ ಕಿಲೋಮೀಟರ್ ಲೆಕ್ಕ. ಆ ದರ ಕಟ್ಟಿದ್ದು ಬಯಲುನಾಡಿನ ಕೊಯಮತ್ತೂರಿನ ಹೆಡ್ಡಾಫೀಸಿನಲ್ಲಿ ಕೂತವರು. ಇಳಿಯುವಾಗ ಉಳಿಸಿದರೆ ಹತ್ತುವಾಗ ಪೆಟ್ರೋಲು, ಇಲ್ಲದಿದ್ದರೆ ಸಂಬಳಕ್ಕೇ ಕತ್ತರಿ. ಹಾಲ ಎಂಬ ಜೊತೆಗಾರನಿಗೂ ಈ ವಿದ್ಯೆ ಕಲಿಸಿದವಳು ಅವಳೇ.

ಒಂದು ದಿನ ಹಾಲನ ಬ್ರೇಕು ಕಾದು ಹಿಡಿಯಲಿಲ್ಲ. ತಿರುವಿನಲ್ಲಿ ಹೊರಳಿ ಕಾಲು ಮುರಿದುಕೊಂಡ. ಅಜಾಗರೂಕತೆ ಎಂದಿತು ಆಫೀಸು. ಆಸ್ಪತ್ರೆಯ ಖರ್ಚು ಅವನದೇ, ಕೆಲಸ ಉಳಿಯುವುದೂ ಅನುಮಾನ. ಕಲಿಸಿದ್ದು ತಾನೇ ಎಂದು ವಸಂತಾಮಣಿಗೆ ಚುಚ್ಚುತ್ತಿತ್ತು. ಅಳುತ್ತ ಕೂರುವ ಜಾತಿಯಲ್ಲ ಅವಳು. ಮ್ಯಾನೇಜರ್ ಮುರಳೀಧರನ್ ಮುಂದೆ ಹೋಗಿ ನಿಂತು, ಘಾಟಿಗೆ ಬೇರೆ ದರ ಕೇಳಿದಳು.

“ರೇಟು ಎಲ್ಲರಿಗೂ ಒಂದೇ ಅಮ್ಮಾ. ಇಳಿಯೋಕೆ ಪೆಟ್ರೋಲು ಯಾಕೆ?”

“ಕೆಳಗೆ ಮೋಯಾರ್ ಊರಲ್ಲಿ ಹಸು ನೋಡ್ಬೇಕು ಅಂತಿದ್ರಲ್ಲ ಸಾರ್, ನನ್ ಹಿಂದೆ ಕೂತ್ಕೊಳ್ಳಿ.”

ಕೂತ. ಕೆಟ್ಟವನಲ್ಲ, ಗುಡ್ಡದ ರಸ್ತೆಯಲ್ಲಿ ಸ್ಕೂಟರ್ ಏರದವನು. ನೆತ್ತಿಯಲ್ಲಿ ವಸಂತಾಮಣಿ ಕೀಲಿ ತಿರುಗಿಸಿದಳು. ಎಂಜಿನ್ ಸತ್ತಿತು. ಗಾಳಿಯ ಸದ್ದು, ಟೈರಿನ ಸದ್ದು, ಅಷ್ಟೇ.

“ಏನಾಯ್ತಮ್ಮಾ? ಕೆಟ್ಟೋಯ್ತಾ?”

“ಇಲ್ಲ ಸಾರ್, ಕಂಪನಿ ರೇಟಲ್ಲಿ ಹೋಗ್ತಿದ್ದೀವಿ.”

ಎರಡನೆಯ ತಿರುವಿಗೆ ಬ್ರೇಕು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮುರಳೀಧರನ್ ಅವಳ ಭುಜವನ್ನು ಹಿಡಿದದ್ದಲ್ಲ, ಕಿತ್ತದ್ದು.

“ಆನ್ ಮಾಡು ತಾಯೀ! ಮನೇಲಿ ಮಕ್ಕಳಿದ್ದಾರೆ!”

“ಹಾಲನಿಗೂ ಇದ್ದಾರೆ ಸಾರ್.”

ಅಗಲದ ಜಾಗ ನೋಡಿ ಸ್ಕೂಟರ್ ನಿಲ್ಲಿಸಿದಳು. ಇಬ್ಬರೂ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಬ್ರೇಕು ಆರಿದ ಮೇಲೆ, ಎಂಜಿನ್ ಓಡಿಸಿಕೊಂಡೇ ಇಳಿದರು. ವಾಪಸು ಹತ್ತುವಾಗ ಸ್ಕೂಟರ್ ಇಬ್ಬರನ್ನು ಎಳೆಯಲಾರದೆ ತಿಣುಕಿತು. ಪ್ರತಿ ಕಡಿದಾದ ತಿರುವಿನಲ್ಲೂ ಸಾಹೇಬರು ಇಳಿದು, ಬೂಟು ಎಳೆದುಕೊಂಡು ನಡೆದರು.

“ಹತ್ತೋಕೆ ಇಷ್ಟು ಪೆಟ್ರೋಲು ಕುಡಿಯುತ್ತಾ ಇದು?”

“ನಾವು ಟೀ ಕುಡಿದ ಹಾಗೆ ಸಾರ್.”

ನೆತ್ತಿಯ ಟೀ ಅಂಗಡಿಯಲ್ಲಿ ಸುಧಾರಿಸಿಕೊಳ್ಳುವ ಮೊದಲೇ ಅವನು ಕೊಯಮತ್ತೂರಿಗೆ ಫೋನು ಹಚ್ಚಿದ. “ಬಂದು ಕೂತು ನೋಡಿ, ಆಮೇಲೆ ಮಾತಾಡಿ” ಎಂದು ಅವನೇ ಕೂಗುತ್ತಿದ್ದ. ಯಾರೂ ಬಂದು ಕೂರಲಿಲ್ಲ. ಆದರೆ ಸಾಕಷ್ಟು ಹಗ್ಗಜಗ್ಗಾಟದ ಮೇಲೆ ಘಾಟಿ ರಸ್ತೆಗೆ ಬೇರೆ ದರ ಬಂತು, ಬ್ರೇಕಿನ ಖರ್ಚೂ ಬಂತು. ಹಾಲನ ಆಸ್ಪತ್ರೆಯ ಬಿಲ್ಲಿಗೆ ಅರ್ಧ ಕೊಟ್ಟರು. ಉಳಿದರ್ಧಕ್ಕೆ ವಸಂತಾಮಣಿ ಇನ್ನೂ ಆಫೀಸಿನ ಬಾಗಿಲು ಬಡಿಯುತ್ತಿದ್ದಾಳೆ.

ಹಾಲ ಕುಂಟುತ್ತ ಕೆಲಸಕ್ಕೆ ಮರಳಿದ ದಿನ ಇಬ್ಬರೂ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದರು. ಅವನ ಕೈ ಕೀಲಿಗೆ ಹೋಯಿತು. ಅವಳು ಪಟ್ಟನೆ ಹೊಡೆದಳು.

“ಚಟ ಅಕ್ಕಾ!”

“ಕಾಲು ಇನ್ನೊಂದಿದೆ ಅಂತಲಾ? ಎಂಜಿನ್ ಓಡಿಸೋ, ಕಾಸು ಕೊಡ್ತಾರೆ.”

ಎರಡು ಎಂಜಿನ್ನುಗಳ ಸದ್ದು ಕಲ್ಲಟ್ಟಿಯ ತಿರುವುಗಳಲ್ಲಿ ಕೆಳಗಿನವರೆಗೂ ಕೇಳುತ್ತಿತ್ತು.