ಚೌಕಾಸಿಗೆ ಬಿದ್ದ ಕೆಂಪು ಚುಕ್ಕೆ

ಹುಲ್ಲಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸುಡುವ ಬಿಸಿಲಲ್ಲಿ ಸೊಂಟದೆತ್ತರದ ಹುಲ್ಲಿಗೆ ಇಳಿದು, ಗುಂಯ್‌ಗುಡುವ ಮಷಿನ್ ಹೆಗಲಿಗೆ ನೇತುಹಾಕಿಕೊಂಡು, ಸಿಡಿದ ಕಲ್ಲಿನ ಏಟನ್ನೆಲ್ಲ ಮೊಣಕಾಲಿಗೆ ತಿನ್ನುತ್ತ ದಿನವಿಡೀ ನಿಲ್ಲುವವರಿಗೆ ಕೋಪ ಬರದೆ ಇನ್ನೇನು ಬರಬೇಕು? ಹಾಡು ಬರಬೇಕೇ?

ಆಸ್ಪತ್ರೆಯ ಅಂಗಳ, ಅದರ ಹಿಂದಿನ ಬಯಲು, ಕಾಲುವೆಯ ದಡ, ಇಷ್ಟೂ ಕಡೆ ಹುಲ್ಲು ಕತ್ತರಿಸುವ ಕೆಲಸ ಅವಳದು. ಹೆಸರು ಬಂದದ್ದೂ ಹಾಗೆಯೇ. ಎಷ್ಟೋ ವರ್ಷ ಕುಡುಗೋಲಿನಲ್ಲೇ ಕೊಯ್ದಳು. ಬಲಗೈಯ ಮಣಿಕಟ್ಟು ಊದಿ, ಬೆಳಗಿನ ಹೊತ್ತು ನೀರಿನ ಲೋಟ ಎತ್ತುವುದೂ ಕಷ್ಟವಾದಾಗ, ಪೆಟ್ರೋಲಿನಲ್ಲಿ ಓಡುವ ಹುಲ್ಲು ಕತ್ತರಿಸುವ ಮಷಿನ್ ಕೊಳ್ಳಲೇಬೇಕು ಎಂದು ನಿರ್ಧರಿಸಿದಳು. ಗಂಡ ಲಾರಿ ಡ್ರೈವರ್, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ತಾನು ಬಂದ ಮೇಲೆ ಹೋಗಿ ನೋಡೋಣ ಎಂದ. ಅವನಿಗೆ ಕಾಯುತ್ತ ಕೂತರೆ ಹುಲ್ಲು ಕಾಯುತ್ತದೆಯೇ? ಒಬ್ಬಳೇ ಹೊರಟಳು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಂಥ ಯಂತ್ರಗಳ ಅಂಗಡಿ ಮೂರಿದ್ದವು. ಮರ ಕೊಯ್ಯುವ ಗರಗಸ, ಪಂಪು, ಜನರೇಟರ್ ಎಲ್ಲವೂ ಅಲ್ಲೇ. ಮೊದಲನೆಯವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಜಮಾನರು ಬರಲಿಲ್ಲವೇ ಎಂದು ಕೇಳಿದ. ಅವನ ಅಂಗಡಿಯ ಮೆಟ್ಟಿಲನ್ನು ಅವಳು ಆಮೇಲೆ ಹತ್ತಿಲ್ಲ. ಎರಡನೆಯವನು ಬೆಲೆ ಹೇಳಿ, ಅವಳು ಹೊರಗೆ ಕಾಲಿಡುತ್ತಿದ್ದಂತೆಯೇ ಫೋನ್ ಕಿವಿಗಿಟ್ಟುಕೊಂಡ. ಮೂರನೆಯ ಅಂಗಡಿಯಲ್ಲಿ ಕೇಳಿದರೆ ಅದೇ ಬೆಲೆ, ಒಂದು ಕಾಸು ಆಚೆ ಈಚೆ ಇಲ್ಲ. ಮೂವರೂ ಒಳಗೊಳಗೇ ಒಂದಾಗಿದ್ದಾರೆ ಎಂದು ತಿಳಿಯಲು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೂರನೆಯವನನ್ನು ಬೀದಿಯವರು ನಗುಮೊಗ ಎನ್ನುತ್ತಿದ್ದರು. ಬೈದರೂ ನಗು, ಹೊಗಳಿದರೂ ನಗು. ಅವನೆದುರು ಹುಲ್ಲಕ್ಕ ಬಾಯಿ ಮಾಡಲಿಲ್ಲ. ಮಷಿನ್ ಎತ್ತಿ ತೂಕ ನೋಡಿದಳು, ಹೆಗಲಿನ ಪಟ್ಟಿ ಜಗ್ಗಿ ನೋಡಿದಳು, ತನ್ನ ಬೆಲೆಯನ್ನು ಒಂದೇ ಸಲ ಹೇಳಿ ಸ್ಟೂಲಿನ ಮೇಲೆ ಕೂತಳು. ಅಷ್ಟೇ. ಬೇರೆ ಗಿರಾಕಿಗಳು ಬಂದರು, ಹೋದರು. ಚಹಾ ಬಂತು, ಕುಡಿದಳು. ನಗುಮೊಗ ಸ್ವಲ್ಪ ಇಳಿಸಿದ, ಇವಳು ಗೋಡೆ ನೋಡುತ್ತ ಕೂತಳು. ಇನ್ನಷ್ಟು ಇಳಿಸಿದ, ಖಾಲಿ ಲೋಟ ಮುಂದಕ್ಕೆ ಸರಿಸಿದಳು. ಮರುದಿನ ಬಾಗಿಲು ತೆಗೆಯುವ ಹೊತ್ತಿಗೆ ಮತ್ತೆ ಅದೇ ಸ್ಟೂಲಿನ ಮೇಲಿದ್ದಳು. ಸಂಜೆಯ ಹೊತ್ತಿಗೆ ಅವನು ಕೈ ಮುಗಿದ.

“ಆಯ್ತಕ್ಕ, ನಿಮ್ಮ ಮುಂದೆ ಸೋತೆ. ನಿಮ್ಮ ಬೆಲೆಗೇ ತಗೊಂಡು ಹೋಗಿ.”

ಆ ದಿನ ಅವಳು ಮಷಿನ್ ಹೊತ್ತು ಬೀದಿಯ ನಡುವೆಯೇ ನಡೆದು ಬಂದಳು, ಎಲ್ಲರೂ ನೋಡಲಿ ಎಂದು.

ಮುಂದಿನ ವಾರ ತಂಗಿಯೂ ಅಲ್ಲೇ ಅದೇ ಮಷಿನ್ ಕೊಂಡಳು. ತಂಗಿಯ ಪಾಲಿಗೆ ಶಾಲೆಯ ಮೈದಾನದ ಹುಲ್ಲು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ಈಚೆ ಸೀನಿದರೆ ಆಚೆ ಕೇಳುತ್ತದೆ. ತಂಗಿಗೆ ಚಿಕ್ಕಂದಿನಿಂದಲೂ ಬಾಯಿಲ್ಲ. ನಗುಮೊಗ ಎಷ್ಟು ಕೇಳಿದನೋ ಅಷ್ಟನ್ನೂ ಕೊಟ್ಟು ಬಂದಳು. ಹುಲ್ಲಕ್ಕನ ಪಿತ್ತ ನೆತ್ತಿಗೇರಿತು. ನಿನ್ನಂಥ ಪೆದ್ದಿಯರು ನಾಲ್ಕು ಜನ ಸಿಕ್ಕರೆ ಅವನು ಮಹಡಿಯ ಮೇಲೆ ಮಹಡಿ ಕಟ್ಟುತ್ತಾನೆ ಎಂದಳು. ಆ ಒಂದು ದಿನ ಅಂದು ಬಿಟ್ಟಿದ್ದರೆ ಸರಿಹೋಗುತ್ತಿತ್ತು. ನೀರಿನ ನಲ್ಲಿಯ ಹತ್ತಿರ ಅಂದಳು, ಬಂದ ನೆಂಟರೆದುರು ಅಂದಳು, ತಂಗಿಯ ಗಂಡನೆದುರೂ ಅಂದಳು. ತಂಗಿ ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಯಂತ್ರವೆಂದ ಮೇಲೆ ಕೆಡುತ್ತದೆ. ತಂಗಿಯದು ಕೆಟ್ಟರೆ ನಗುಮೊಗನ ಅಂಗಡಿಯಿಂದ ಎರಡೇ ದಿನದಲ್ಲಿ ವಾಪಸ್ಸು ಬರುತ್ತಿತ್ತು. ಅಕ್ಕನದು ಕೆಟ್ಟರೆ ವಾರಗಟ್ಟಲೆ ಹಿಡಿಯುತ್ತಿತ್ತು. ಒಮ್ಮೆ ಸಾಮಾನು ಬಂದಿಲ್ಲ, ಒಮ್ಮೆ ಮೆಕ್ಯಾನಿಕ್‌ಗೆ ಹುಷಾರಿಲ್ಲ, ಮತ್ತೊಮ್ಮೆ ಕೆಲಸ ಜಾಸ್ತಿ. ಹುಲ್ಲಕ್ಕ ಹೋಗಿ ಜಾಡಿಸುತ್ತಿದ್ದಳು, ಅವನು ನಗುತ್ತಿದ್ದ, ಚಹಾ ತರಿಸುತ್ತಿದ್ದ. ತನ್ನ ಮಷಿನ್‌ದೇ ಏನೋ ದೋಷವಿರಬೇಕು, ತಾನೇ ಒರಟಾಗಿ ಬಳಸುತ್ತಿರಬೇಕು ಎಂದುಕೊಂಡು ಅವಳು ಬರುತ್ತಿದ್ದಳು. ಎರಡು ವರ್ಷ ಹೀಗೆಯೇ ನಡೆಯಿತು.

ಈ ಸಲ ಹೋದದ್ದು ಸ್ಟಾರ್ಟರ್ ಸ್ಪ್ರಿಂಗ್. ಮಷಿನ್ ಚಾಲೂ ಮಾಡುವ ಹಗ್ಗ ಎಳೆದರೆ ಎಳೆದಂತೆಯೇ ಜೋತುಬೀಳುತ್ತಿತ್ತು. ಕೊಟ್ಟು ಮೂರು ವಾರವಾದರೂ ಸ್ಪ್ರಿಂಗ್ ಊರಿಗೇ ಬಂದಿಲ್ಲ ಎಂಬ ಉತ್ತರ. ಅಷ್ಟರಲ್ಲಿ ಆಸ್ಪತ್ರೆಯ ಹಿಂದಿನ ಬಯಲಲ್ಲಿ ಹುಲ್ಲು ಕಿಟಕಿಯವರೆಗೆ ಬೆಳೆದು, ರೋಗಿಗಳು ಓಡಾಡುವ ದಾರಿಯಲ್ಲಿ ಹಾವು ಕಾಣಿಸಿಕೊಂಡಿತು. ಮೇಲ್ವಿಚಾರಕಿ ಅವಳನ್ನು ಕರೆಸಿ, ಸೋಮವಾರ ಬೆಳಿಗ್ಗೆ ತಾನು ಬರುವ ಹೊತ್ತಿಗೆ ಹುಲ್ಲು ಕಾಣಬಾರದು, ಕಂಡರೆ ಬೇರೆಯವರನ್ನು ಗೊತ್ತುಮಾಡುತ್ತೇನೆ ಎಂದು ಖಂಡಿತವಾಗಿ ಹೇಳಿಬಿಟ್ಟಳು. ಹುಲ್ಲಕ್ಕನ ಸಂಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆ ಆಸ್ಪತ್ರೆಯಿಂದ. ಕುಡುಗೋಲು ಹಿಡಿದು ನೋಡಿದಳು. ಒಂದು ಮೂಲೆ ಮುಗಿಯುವಷ್ಟರಲ್ಲಿ ಮಣಿಕಟ್ಟು ಬದನೆಕಾಯಿಯಂತೆ ಊದಿತು.

ಶುಕ್ರವಾರ ಸಂಜೆ ಆ ಕೈಯನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದಾಗ ಗೋಡೆಯಾಚೆ ತಂಗಿಯ ಮಷಿನ್ ಗುಂಯ್ ಎಂದಿತು. ಎದ್ದು ಹೋಗಿ ಕೇಳಿದಳು. ಇದರದೂ ಸ್ಟಾರ್ಟರ್ ಸ್ಪ್ರಿಂಗೇ ಮುರಿದಿತ್ತು, ಬುಧವಾರ ಕೊಟ್ಟಿದ್ದೆ, ಇವತ್ತು ಹಾಕಿಕೊಟ್ಟರು ಎಂದು ತಂಗಿ ಎತ್ತಲೋ ನೋಡುತ್ತ ಹೇಳಿದಳು. ಶಾಲೆಯಲ್ಲೂ ಸೋಮವಾರ ಆಟದ ಸ್ಪರ್ಧೆ, ಮೈದಾನಕ್ಕೆ ಎರಡು ದಿನವೂ ಬೇಕು, ಇಲ್ಲದಿದ್ದರೆ ಮಷಿನ್ ಕೊಡುತ್ತಿದ್ದೆ ಎಂದಳು. ಹುಲ್ಲಕ್ಕನಿಗೆ ಆ ಮಾತು ಕೇಳಿಸಲೇ ಇಲ್ಲ. ಊರಿಗೇ ಬಾರದ ಸ್ಪ್ರಿಂಗ್ ತಂಗಿಯ ಮಷಿನ್‌ಗೆ ಮಾತ್ರ ಎಲ್ಲಿಂದ ಬಂತು?

ಶನಿವಾರ ಬೆಳಿಗ್ಗೆ ಅವಳು ಅಂಗಡಿಯ ಮುಂದಿನಿಂದ ಹೋಗಲಿಲ್ಲ. ಪಕ್ಕದ ಓಣಿಯಿಂದ ಹಿಂದಿನ ತಗಡಿನ ಶೆಡ್ಡಿಗೇ ನುಗ್ಗಿದಳು. ರಿಪೇರಿಗೆ ಬಂದ ಮಷಿನ್‌ಗಳೆಲ್ಲ ಅಲ್ಲಿ ಸಾಲಾಗಿ ಬಿದ್ದಿದ್ದವು. ಮೆಕ್ಯಾನಿಕ್ ಒಂದು ಜನರೇಟರ್ ಬಿಚ್ಚಿಕೊಂಡು ಕೂತಿದ್ದ. ಮೂವರು ಗಿರಾಕಿಗಳು ಬೆಂಚಿನ ಮೇಲೆ ಕಾಯುತ್ತಿದ್ದರು. ಅವಳ ಮಷಿನ್ ಕೊನೆಯ ಮೂಲೆಯಲ್ಲಿ ಧೂಳು ಹಿಡಿದು ಮಲಗಿತ್ತು, ಅದರ ಮೇಲೆ ಯಾರೋ ಎಣ್ಣೆಯ ಡಬ್ಬ ಬೇರೆ ಇಟ್ಟಿದ್ದರು. ಡಬ್ಬ ತೆಗೆದು ಮಷಿನ್ ಎತ್ತಿದಾಗ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಬಣ್ಣ ಸಿಡಿದಿರಬೇಕು ಎಂದುಕೊಂಡಳು. ಪಕ್ಕದ ಗರಗಸದ ಅಡಿಯಲ್ಲೂ ಅಂಥದೇ ಚುಕ್ಕೆ. ಅದರಾಚೆಯ ಪಂಪಿಗೂ ಇತ್ತು. ಬಿಚ್ಚಿಟ್ಟ ಜನರೇಟರ್‌ಗೆ ಮಾತ್ರ ಇರಲಿಲ್ಲ. ಕೆಲಸ ಮುಗಿಸಿ ಬಾಗಿಲ ಬಳಿ ಇಟ್ಟಿದ್ದ ಯಾವುದಕ್ಕೂ ಇರಲಿಲ್ಲ.

ಅವಳು ನೇರ ಬೆಂಚಿನ ಹತ್ತಿರ ಹೋಗಿ, ಕೊಳ್ಳುವಾಗ ಚೌಕಾಸಿ ಮಾಡಿದ್ದಿರಾ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಗರಗಸ ಕೊಟ್ಟಿದ್ದ ಮರ ಕಡಿಯುವವನು ಎದೆಯುಬ್ಬಿಸಿ, ಅವನ ಬೆವರಿಳಿಸಿದ್ದೆ ಎಂದ. ತಿಂಗಳಿಂದ ಅಲೆಯುತ್ತಿದ್ದಾನೆ. ಕಾರು ತೊಳೆಯುವವನು ಪಂಪಿನ ಜೊತೆ ಪೈಪನ್ನು ಪುಕ್ಕಟೆ ಕಿತ್ತುಕೊಂಡಿದ್ದನಂತೆ. ಅವನದೂ ಅದೇ ಪಾಡು. ಜನರೇಟರ್ ಬಾಡಿಗೆಗೆ ಕೊಡುವ ಹಿರಿಯರು ಮಾತ್ರ, ಅದೆಲ್ಲ ತಮಗೆ ಬರುವುದಿಲ್ಲ, ಕೇಳಿದಷ್ಟು ಕೊಟ್ಟೆ ಎಂದರು. ಅವರು ಮಷಿನ್ ತಂದದ್ದು ನಿನ್ನೆ.

ಹುಲ್ಲಕ್ಕ ಮೆಕ್ಯಾನಿಕ್‌ನ ಕಡೆ ತಿರುಗಿದಳು. ಅವನು ಸ್ಪ್ಯಾನರ್ ಕೆಳಗಿಟ್ಟ.

“ಚುಕ್ಕೆ ಇದ್ದದ್ದು ಕೊನೆಗೆ ಅಂತ ಯಜಮಾನ್ರು ಹೇಳಿದಾರೆ. ನನ್ನ ಮೇಲೆ ಕೂಗಾಡಿ ಏನು ಉಪಯೋಗ ಅಕ್ಕ?”

ಅಷ್ಟರಲ್ಲಿ ನಗುಮೊಗನೇ ಬಂದ, ಚಹಾದ ಲೋಟದ ಸಮೇತ. ವಿಷಯ ಬಯಲಾದದ್ದು ತಿಳಿದರೂ ಅವನ ಮುಖ ಎಳ್ಳಷ್ಟೂ ಬಾಡಲಿಲ್ಲ. ಅದೇ ನೋಡಿ ಮೈ ಉರಿಸುವುದು. ಕದ್ದು ಸಿಕ್ಕಿಬಿದ್ದವನು ತಡವರಿಸಿದರೆ ಮನುಷ್ಯ ಎನ್ನಬಹುದು. ಇವನು ಮಗುವಿಗೆ ಬುದ್ಧಿ ಹೇಳುವಂತೆ ನ್ಯಾಯ ಹೇಳತೊಡಗಿದ. ಪೂರ್ತಿ ಕೊಟ್ಟವರದು ಮೊದಲು ಆಗಬೇಕಲ್ಲವೇ, ಇಳಿಸಿ ಕೊಂಡವರು ಸ್ವಲ್ಪ ಕಾಯಬೇಕಲ್ಲವೇ, ಇದರಲ್ಲಿ ತಪ್ಪೇನಿದೆ ಎಂದ. ಅಂದು ಎಷ್ಟು ಇಳಿಸಿದ್ದಳೋ ಅಷ್ಟನ್ನು ಇವತ್ತು ಕೊಟ್ಟರೆ ಚುಕ್ಕೆಯನ್ನು ತಾನೇ ಪೆಟ್ರೋಲ್ ಹಾಕಿ ಒರೆಸಿಬಿಡುತ್ತೇನೆ ಎಂದೂ ಸೇರಿಸಿದ.

ಎರಡು ದಿನ ಸ್ಟೂಲಿನ ಮೇಲೆ ಕೂತು ಗೆದ್ದದ್ದನ್ನು ಈಗ ಬಡ್ಡಿಯ ಹಾಗೆ ಕಕ್ಕಬೇಕಂತೆ. ಆದರೂ ಹುಲ್ಲಕ್ಕ ದನಿ ಏರಿಸಲಿಲ್ಲ.

“ಇಳಿಸುವಾಗ ಇದನ್ನ ಹೇಳಬೇಕಿತ್ತು. ಬೆಲೆ ಕಮ್ಮಿ ಆದರೆ ರಿಪೇರಿ ತಡ ಅಂತ. ಹೇಳಿದ್ದರೆ ಬೇಕೋ ಬೇಡವೋ ನಾನು ನೋಡ್ಕೋತಿದ್ದೆ. ಸೋತೆ ಅಂತ ಕೈ ಮುಗಿದು, ಬೆನ್ನ ಹಿಂದೆ ಚುಕ್ಕೆ ಇಟ್ಟೆಯಲ್ಲ, ಅದು ವ್ಯಾಪಾರ ಅಲ್ಲ. ಮೋಸ.”

“ಹೇಳಿಲ್ಲ ಅನ್ನಬೇಡಿ ಅಕ್ಕ,” ಎಂದ ಅವನು, ಇನ್ನೂ ನಗುತ್ತ. “ನಿಮ್ಮ ತಂಗಿಗೆ ಆವತ್ತೇ ಹೇಳಿದ್ದೆ. ಅದಕ್ಕೇ ಅವರು ಪೂರ್ತಿ ಕೊಟ್ಟರು.”

ನಲ್ಲಿಯ ಹತ್ತಿರ, ನೆಂಟರೆದುರು, ಗಂಡನೆದುರು ಪೆದ್ದಿ ಎನ್ನಿಸಿಕೊಂಡಾಗಲೆಲ್ಲ ತಲೆ ತಗ್ಗಿಸುತ್ತಿದ್ದ ತಂಗಿ ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಿದ್ದಳು?

ಅದು ಮನೆಯ ಜಗಳ, ಮನೆಗೆ ಹೋದ ಮೇಲೆ. ಇಲ್ಲಿನದು ಇಲ್ಲೇ ಮುಗಿಯಬೇಕು. ಗೋಡೆಯ ಹಲಗೆಯ ಮೇಲೆ ಕೆಂಪು ಬಣ್ಣದ ಡಬ್ಬಿಯೂ ಅದರೊಳಗೆ ಒಂದು ಕುಂಚವೂ ಇದ್ದವು. ಅದನ್ನು ಎತ್ತಿಕೊಂಡು ಬಾಗಿಲ ಬಳಿಯ ಮಷಿನ್‌ನಿಂದ ಶುರು ಮಾಡಿದಳು. ಒಂದೊಂದನ್ನೇ ಮಗುಚಿ ಅಡಿಯಲ್ಲಿ ಚುಕ್ಕೆ ಇಟ್ಟಳು. ನಗುಮೊಗ ತಡೆಯಲು ಬಂದ. ಮರ ಕಡಿಯುವವನು ಎದ್ದು ಅಡ್ಡ ನಿಂತ, ಅವನ ಎದೆಯೇ ಬಾಗಿಲಿನಷ್ಟು ಅಗಲ. ಕಾರು ತೊಳೆಯುವವನು ಮಷಿನ್ ಮಗುಚಲು ಕೈ ಕೊಟ್ಟ. ಹಿರಿಯರು ತಮ್ಮ ಜನರೇಟರ್‌ಗೆ ಬೇಡಮ್ಮ ಎಂದು ಕೇಳಿಕೊಂಡರು. ಎಲ್ಲಕ್ಕಿಂತ ದೊಡ್ಡ ಚುಕ್ಕೆ ಅದಕ್ಕೇ ಬಿತ್ತು. ಕೊನೆಗೆ ಅವಳು ಅಂಗಡಿಯ ಒಳಕ್ಕೇ ಹೋಗಿ ಮಾರಾಟಕ್ಕೆ ಸಾಲಾಗಿ ನಿಲ್ಲಿಸಿದ್ದ ಹೊಸ ಮಷಿನ್‌ಗಳನ್ನೂ ಬಿಡಲಿಲ್ಲ.

ನಗುಮೊಗನ ಮುಖದಲ್ಲಿ ನಗು ಇಲ್ಲದ್ದನ್ನು ಆ ಬೀದಿ ಅಂದೇ ಮೊದಲು ನೋಡಿದ್ದು. ಪೊಲೀಸರನ್ನು ಕರೆಸುತ್ತೇನೆ ಎಂದ. ಕರೆಸು, ಈ ಚುಕ್ಕೆ ಯಾತಕ್ಕೆ ಅಂತ ಅವರಿಗೂ ಹೇಳು ಎಂದಳು. ಅವನು ಫೋನ್ ಜೇಬಿಗಿಳಿಸಿದ.

“ಈಗ ಯಾವುದನ್ನ ಮೊದಲು ಮಾಡಲಿ?” ಎಂದು ಮೆಕ್ಯಾನಿಕ್ ಕೇಳಿದ. ಅವನ ದನಿಯಲ್ಲಿ ಸಂತೋಷ ಇದ್ದಂತಿತ್ತು.

“ಮೊದಲು ಬಂದದ್ದು ಮೊದಲು. ಧೂಳು ನೋಡು, ಗೊತ್ತಾಗುತ್ತೆ.”

ಹೆಚ್ಚು ಧೂಳು ಇದ್ದದ್ದು ಗರಗಸಕ್ಕೆ. ಮರ ಕಡಿಯುವವನು ಮೇಲ್ವಿಚಾರಕಿಯ ವಿಷಯ ಕೇಳಿ, ನಿಂದೇ ಆಗಲಿ ತಾಯಿ ಎಂದು ಜಾಗ ಬಿಟ್ಟುಕೊಟ್ಟ. ಮೆಕ್ಯಾನಿಕ್ ಡ್ರಾಯರ್ ಎಳೆದ. ಊರಿಗೇ ಬಾರದ ಸ್ಪ್ರಿಂಗುಗಳು ಅದರಲ್ಲಿ ರಾಶಿ ಬಿದ್ದಿದ್ದವು. ಅವನು ಹಾಕಿ ಮುಗಿಸುವವರೆಗೆ ಹುಲ್ಲಕ್ಕ ಸ್ಟೂಲಿನ ಮೇಲೆ ಕೂತು, ನಗುಮೊಗ ತಂದಿದ್ದ ಚಹಾ ಆರಿದ್ದರೂ ಕುಡಿದಳು. ಬಿಡಲು ಅವಳಿಗೇನು ಹುಚ್ಚೇ?

ಮಷಿನ್ ಕೈಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ತಂಗಿ ಮೈದಾನದಿಂದ ಬರುವುದನ್ನೇ ಕಾದು ಹಿಡಿದಳು. ಚುಕ್ಕೆಯ ಕಥೆಯೆಲ್ಲ ಹೇಳಿ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಒಂದೇ ಗೋಡೆಯ ಮನೆಯಲ್ಲಿದ್ದು, ಈ ಕೈ ಊದಿದ್ದನ್ನು ಕಣ್ಣಾರೆ ನೋಡುತ್ತ ಹೇಗೆ ಸುಮ್ಮನಿದ್ದೆ ಎಂದು ಕೇಳಿದಳು. ತಂಗಿ ಚಪ್ಪಲಿಗೆ ಮೆತ್ತಿದ ಹುಲ್ಲು ಕೆರೆದಳು. ಬಾಯಿಲ್ಲದವಳಿಗೆ ಕೊನೆಗೂ ಬಾಯಿ ಬಂತು.

“ಆವತ್ತೇ ಹೇಳೋಣ ಅಂತ ಬಂದೆ ಅಕ್ಕ. ಬಾಗಿಲಲ್ಲೇ ನನ್ನನ್ನ ಪೆದ್ದಿ ಅಂದೆ. ಆಮೇಲೆ ಎಲ್ಲರ ಮುಂದೆ ಅಂದೆ. ಒಂದು ವಿಷಯದಲ್ಲಾದರೂ ನಾನು ನಿನಗಿಂತ ಮುಂದೆ ಇರೋಣ ಅನ್ನಿಸ್ತು. ಸುಮ್ಮನಾದೆ.”

“ಬೈಸಿಕೊಂಡಾದರೂ ಹೇಳಬೇಕಿತ್ತು,” ಎಂದು ಹುಲ್ಲಕ್ಕ ಬಾಗಿಲು ಹಾಕಿಕೊಂಡಳು. ರಾತ್ರಿ ಗೋಡೆಯಾಚೆಯಿಂದ ಏನೂ ಕೇಳಿಸಲಿಲ್ಲ. ಈಚೆಯಿಂದಲೂ ಏನೂ ಕೇಳಿಸಿರಲಾರದು.

ಭಾನುವಾರ ನಸುಕಿಗೇ ಆಸ್ಪತ್ರೆಯ ಬಯಲಿಗೆ ಇಳಿದಳು. ಹುಲ್ಲು ಮೊದಲೇ ಇಬ್ಬನಿಯಲ್ಲಿ ನೆನೆದು, ಮಷಿನ್‌ನ ತುದಿಯಲ್ಲಿ ತಿರುಗುವ ಪ್ಲಾಸ್ಟಿಕ್ ದಾರಕ್ಕೆ ಸುತ್ತಿಕೊಳ್ಳುತ್ತಿತ್ತು. ಕೈ ನೋಯುತ್ತಿತ್ತು. ಬಿಸಿಲೇರುವ ಹೊತ್ತಿಗೆ ಕಾಲು ಭಾಗವೂ ಮುಗಿದಿರಲಿಲ್ಲ. ಒಬ್ಬಳಿಂದ ಇದು ಆಗುವ ಮಾತಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು, ಗೊತ್ತಾದಷ್ಟೂ ಸಿಟ್ಟು ಏರುತ್ತಿತ್ತು. ಪೆಟ್ರೋಲ್ ತುಂಬಲೆಂದು ಮಷಿನ್ ನಿಲ್ಲಿಸಿದಾಗ ಹಿಂದೆ ತಂಗಿ ನಿಂತಿದ್ದಳು, ತನ್ನ ಮಷಿನ್ ಹೆಗಲಿಗೆ ಹಾಕಿಕೊಂಡು.

ಅರ್ಧ ಮೈದಾನ ಬಾಕಿ ಬಿಟ್ಟು ಬಂದಿದ್ದಳು. ಮಷಿನ್ ಇಳಿಸಿ ಅಕ್ಕನ ಮುಂದೆ ಮಗುಚಿ ಇಟ್ಟಳು. ಟ್ಯಾಂಕಿನ ಅಡಿಯಲ್ಲಿ ಒಂದು ಕೆಂಪು ಚುಕ್ಕೆ ಮಿರಮಿರ ಮಿಂಚುತ್ತಿತ್ತು. ಅಂಗಡಿಯ ಬಣ್ಣವಲ್ಲ ಅದು, ತಂಗಿ ಉಗುರಿಗೆ ಹಚ್ಚಿಕೊಳ್ಳುವ ಬಣ್ಣ. ಇನ್ನೂ ವಾಸನೆ ಹೋಗಿರಲಿಲ್ಲ.

ಹುಲ್ಲಕ್ಕ ಬಗ್ಗಿ ಅದನ್ನು ನೋಡಿದಳು. ಕೊಳ್ಳುವ ದಿನ ಅಂಗಡಿಯಲ್ಲಿ ಮಷಿನ್ ನೋಡಿದ್ದಳಲ್ಲ, ಅಷ್ಟೇ ಹೊತ್ತು ನೋಡಿದಳು. ಕೋಪ ಇಳಿದಿರಲಿಲ್ಲ.

“ಚುಕ್ಕೆ ಚಿಕ್ಕದಾಯ್ತು,” ಎಂದಳು.

“ಎಷ್ಟು ದೊಡ್ಡದು ಇಡಲಿ?”

ಹುಲ್ಲಕ್ಕ ಊದಿದ ಕೈಯಿಂದ ಬಯಲಿನ ಆಚೆ ತುದಿಯನ್ನು ತೋರಿಸಿದಳು. ತಂಗಿ ಆ ಕಡೆಯಿಂದ ಶುರು ಮಾಡಿದಳು, ಇವಳು ಈ ಕಡೆಯಿಂದ ಹಗ್ಗ ಎಳೆದಳು.