ಮೊಣಕಾಲ ಮೇಲಿದ್ದ ಕೈ

ರಾಜಶ್ರೀ ಗದಗಿನ ಹುಡುಗಿ. ಧಾರವಾಡದಲ್ಲಿ ದೈಹಿಕ ಶಿಕ್ಷಣದ ಪದವಿ ಮುಗಿಸಿ, ಶಾಲೆಯ ಪಿ.ಟಿ. ಟೀಚರ್ ಕೆಲಸಕ್ಕೆ ಕಾದು ಬೇಸತ್ತು ೧೯೯೮ರಲ್ಲಿ ಬೆಂಗಳೂರಿಗೆ ಬಂದಳು. ಬಿಟಿಎಂ ಲೇಔಟಿನಲ್ಲಿ ಊರಿನ ಗೆಳತಿ ಶ್ವೇತಾಳ ಜೊತೆ ಒಂದು ಬಾಡಿಗೆ ಕೋಣೆ. ಜಯನಗರದಲ್ಲಿ ಸೀರೆ ಅಂಗಡಿಯೊಂದರ ಮೇಲಿದ್ದ ಚಕ್ರಪಾಣಿಯವರ ಜಿಮ್ಮಿನಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಸಿಕ್ಕಿತು.

ಭಾರ ಎತ್ತಿಸುವುದು ಅವಳಿಗೆ ಅಷ್ಟಕ್ಕಷ್ಟೆ. ಅವಳಿಗೆ ಇಷ್ಟವಾಗುತ್ತಿದ್ದದ್ದು ಸ್ಟ್ರೆಚಿಂಗ್. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ಬಿಗಿದುಹೋದ ಮೈ ನಿಧಾನವಾಗಿ ಸಡಿಲವಾಗುವುದನ್ನು ನೋಡುವುದೇ ಅವಳಿಗೊಂದು ಸಂತೋಷ. ಅಲ್ಲಿಗೆ ಬರುತ್ತಿದ್ದವರಲ್ಲಿ ಬ್ಯಾಂಕಿನಲ್ಲಿದ್ದ ವಾರಿಜಾ ಎಂದರೆ ಅವಳಿಗೆ ಅಕ್ಕರೆ. ಅಷ್ಟು ದೊಡ್ಡ ಹೆಂಗಸು ಮೊದಲ ದಿನವೇ ಮಗುವಿನಂತೆ ಕೇಳಿದ್ದರು.

"ನೋಡು ರಾಜಶ್ರೀ, ಮಾಘದಲ್ಲಿ ನಮ್ಮ ಧೃತಿ ಮದುವೆ. ನಂಗೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಕ್ಕೇ ಆಗಲ್ಲ. ಇರೋಳು ಒಬ್ಳೇ ಮಗಳು. ಕುರ್ಚಿ ಮೇಲೆ ಕೂತು ಧಾರೆ ಎರೀಲಾ?"

"ಕೂಡಸ್ತೀನ್ರಿ ಮೇಡಂ. ಆದ್ರ ಅವಸರ ಮಾಡಬ್ಯಾಡ್ರಿ," ಎಂದಳು ರಾಜಶ್ರೀ.

ದಿನವೂ ಮೊದಲು ನಡೆಸಿ, ಕೈಕಾಲು ಆಡಿಸಿ, ಮೈ ಬೆಚ್ಚಗಾದ ಮೇಲೆಯೇ ಚಾಪೆ. ಪಾದಕ್ಕೆ ಪಾದ ಜೋಡಿಸಿ ಕೂರಿಸುತ್ತಿದ್ದಳು. ವಾರಿಜಾ ಮೊಣಕಾಲುಗಳನ್ನು ಪಟಪಟನೆ ಕುಣಿಸಿದರೆ ತಡೆಯುತ್ತಿದ್ದಳು. "ಜಗ್ಗಿದಷ್ಟೂ ಅದು ತಿರುಗಿ ಜಗ್ಗತೈತ್ರಿ. ಸುಮ್ನ ಉಸಿರು ಬಿಡ್ರಿ. ಎಳೆದಂಗ ಆಗಬೇಕು, ನೋವಾಗಬಾರದು." ದೀಪಾವಳಿಯ ಹೊತ್ತಿಗೆ ವಾರಿಜಾ ಗೋಡೆಗೊರಗಿ, ದಿಂಬಿನ ಆಸರೆಯಲ್ಲಿ ನೆಲದ ಮೇಲೆ ಕೂರುವಂತಾದರು. ಆ ಬೆಳಿಗ್ಗೆ ಸ್ಟೀಲಿನ ಡಬ್ಬಿಯಲ್ಲಿ ರವೆಉಂಡೆ ತಂದು ರಾಜಶ್ರೀಯ ಬಾಯಿಗೇ ಇಟ್ಟರು.

ಮದುವೆ ಹತ್ತಿರವಾಯಿತು. ದಿಂಬು ಮಾತ್ರ ತಪ್ಪಲಿಲ್ಲ. ವಾರಿಜಾಗೆ ಆತಂಕ ಶುರುವಾಗಿ ಚಕ್ರಪಾಣಿಯವರ ಹತ್ತಿರ ಹೇಳಿಕೊಂಡರು. ಅವರ ಮನೆತನಗಳು ಎರಡು ತಲೆಮಾರಿನಿಂದ ಪರಿಚಿತ. ಮರುದಿನ ಚಕ್ರಪಾಣಿ ತಾವೇ ಒಳಗೆ ಬಂದರು. ವಾರಿಜಾ ಆಗಷ್ಟೇ ಆಟೋ ಇಳಿದು ಬಂದು ಚಾಪೆಯ ಮೇಲೆ ಕೂತಿದ್ದರು. ಮೈ ಇನ್ನೂ ಬೆಚ್ಚಗಾಗಿರಲಿಲ್ಲ.

"ನೀನು ತುಂಬ ಮುದ್ದು ಮಾಡ್ತೀಯಮ್ಮ. ಸ್ವಲ್ಪ ಪ್ರೆಷರ್ ಬೇಕು. ಮೊಣಕಾಲ ಮೇಲೆ ಕೈ ಇಡು."

"ಇನ್ನೂ ವಾರ್ಮಪ್ ಆಗಿಲ್ರಿ ಸರ. ಬ್ಯಾಡ್ರಿ."

"ಇಡು ಅಂದೆ."

ರಾಜಶ್ರೀ ಇಟ್ಟಳು. ಹೆಂಗಸರ ಮೈಯನ್ನು ಗಂಡಸು ಟ್ರೈನರ್ ಮುಟ್ಟಬಾರದೆಂದು ಆ ಜಿಮ್ಮಿನಲ್ಲಿ ನಿಯಮ. ಆ ನಿಯಮ ಮಾಡಿದ್ದು ಚಕ್ರಪಾಣಿಯವರೇ. ಹಾಗಾಗಿ ಅವರು ಅವಳ ಕೈಗಳ ಮೇಲೆ ತಮ್ಮ ಕೈ ಇಟ್ಟು ಒತ್ತಿದರು. ವಾರಿಜಾ ಕಣ್ಣು ಮುಚ್ಚಿದ್ದರು. "ಇನ್ನೊಂಚೂರು, ಇನ್ನೊಂಚೂರು," ಎಂದರು ಚಕ್ರಪಾಣಿ. ರಾಜಶ್ರೀಗೆ ಅಂಗೈ ಅಡಿಯಲ್ಲಿ ಆ ಕಾಲು ಗಡಗಡ ನಡುಗುವುದು ತಿಳಿಯಿತು. ಕೈ ಕಿತ್ತುಕೊಳ್ಳಲು ನೋಡಿದಳು, ಮೇಲಿನ ಭಾರ ಬಿಡಲಿಲ್ಲ. ಅಷ್ಟರಲ್ಲಿ ವಾರಿಜಾ ಕಿರುಚಿದರು.

ಒಳತೊಡೆಯ ಸ್ನಾಯು ಹರಿದಿತ್ತು.

ಸಂಜೆಯೊಳಗೆ ಜಿಮ್ಮಿಗೆಲ್ಲ ಒಂದೇ ಮಾತು: ಹೊಸ ಹುಡುಗಿ ಆತುರಪಟ್ಟು ಒತ್ತಿಬಿಟ್ಟಳು. ಚಕ್ರಪಾಣಿ ಅವಳನ್ನು ಕರೆದು, "ಕೆಲ್ಸ ಬಿಟ್ಬಿಡಮ್ಮ. ಕಂಪ್ಲೇಂಟ್ ಆಗದೇ ಇರೋ ಹಾಗೆ ನಾನು ನೋಡ್ಕೋತೀನಿ," ಎಂದರು. ಉಪಕಾರ ಮಾಡುವವರ ದನಿಯಲ್ಲೇ ಹೇಳಿದರು.

ಅವಳು ವಾರಿಜಾರ ಮನೆಗೆ ಹೋದಳು. ಚಪ್ಪರದ ಮಾತುಕತೆ ನಡೆಯುತ್ತಿದ್ದ ಮನೆ. ವಾರಿಜಾ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದರು.

"ಮೇಡಂ, ಒತ್ತಿದ್ದು ಸರ ಅಂತ ನಿಮಗ ಗೊತ್ತೈತಲ್ರಿ. ಅವರ ದನಿ ಕೇಳಿದ್ರಲ್ಲ."

ವಾರಿಜಾ ಫ್ಯಾನ್ ಕಡೆ ಕಣ್ಣು ಹೊರಳಿಸಿದರು. "ನನ್ನ ಮೊಣಕಾಲ ಮೇಲಿದ್ದಿದ್ದು ನಿನ್ನ ಕೈ, ರಾಜಶ್ರೀ. ಮನೇಲಿ ಶುಭಕಾರ್ಯ ಇದೆ. ಈಗ ಇದೆಲ್ಲ ಬೇಡ."

ಮದುವೆಗೆ ಅವಳನ್ನು ಕರೆಯಲಿಲ್ಲ. ವಾರಿಜಾ ಕುರ್ಚಿಯಲ್ಲಿ ಕೂತೇ ಧಾರೆ ಎರೆದರೆಂದೂ ಚಕ್ರಪಾಣಿ ಮುಂದೆ ನಿಂತು ಓಡಾಡಿದರೆಂದೂ ಆಮೇಲೆ ತಿಳಿಯಿತು.

ಮುಂದಿನ ವರ್ಷಗಳು ಅವಳಿಗೆ ಅಲ್ಲಿ ಇಲ್ಲಿ ಕಳೆದವು. ಬನಶಂಕರಿಯ ಒಂದು ಜಿಮ್ಮಿನವರು ಕೆಲಸ ಕೊಟ್ಟು, ಯಾರಿಂದಲೋ ಸುದ್ದಿ ಕೇಳಿ ವಾರದಲ್ಲೇ ಬೇಡವೆಂದರು. ಜರಗನಹಳ್ಳಿಯ ನರ್ಸರಿ ಶಾಲೆಯೊಂದರಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿದಳು. ೨೦೦೫ರ ಹೊತ್ತಿಗೆ ಜೆ.ಪಿ. ನಗರದ ತುಂಬ ಗಾಜಿನ ಗೋಡೆಯ ಹೊಸ ಜಿಮ್‌ಗಳು ಎದ್ದವು. ಪದವಿ ಇದ್ದರೂ ಅವರಿಗೆ ಟ್ರೈನರ್ ಸರ್ಟಿಫಿಕೇಟೇ ಬೇಕು. ಆ ಭಾಗದಲ್ಲಿ ಅದನ್ನು ಕೊಡುತ್ತಿದ್ದದ್ದು ಒಂದೇ ಸಂಸ್ಥೆ. ನಡೆಸುತ್ತಿದ್ದವರು ಚಕ್ರಪಾಣಿ.

ಅವಳು ಸೇರಿದಳು.

"ಚೆನ್ನಾಗಿದೀಯೇನಮ್ಮ?" ಎಂದು ಅವರು ನಕ್ಕು ವಿಚಾರಿಸಿದರು. ಸ್ಟ್ರೆಚಿಂಗ್ ಪಾಠದ ದಿನ ಬೋರ್ಡಿನ ಮುಂದೆ ನಿಂತು ಹೇಳಿದರು, "ಮೊದ್ಲು ಮೈ ಬಿಸಿಯಾಗ್ಬೇಕು. ಜರ್ಕ್ ಕೊಡಬಾರ್ದು. ಎಳೆದಂಗಾಗ್ಬೇಕು, ನೋವಾಗಬಾರ್ದು." ಆಮೇಲೆ ಒಂದು ಉದಾಹರಣೆ. "ನನ್ನ ಹತ್ರ ಒಬ್ಳು ಹುಡುಗಿ ಇದ್ಲು. ಪೇಷನ್ಸ್ ಇರಲಿಲ್ಲ. ಕೋಲ್ಡ್ ಬಾಡಿ ಮೇಲೆ ಒತ್ತಿ ಒಬ್ರು ಹೆಂಗಸಿನ ಕಾಲೇ ಹಾಳು ಮಾಡಿದ್ಲು. ನೀವು ಹಾಗಾಗ್ಬೇಡಿ."

ಹೇಳುವಾಗ ಅವರು ಅವಳ ಕಡೆ ನೋಡಲಿಲ್ಲ, ಬೇಕೆಂದು ಕಣ್ಣು ತಪ್ಪಿಸಲೂ ಇಲ್ಲ. ಹೇಳಿ ಹೇಳಿ ಅವರಿಗೇ ಅದು ನಿಜವಾಗಿಬಿಟ್ಟಿದೆ ಎಂದು ರಾಜಶ್ರೀಗೆ ಅನ್ನಿಸಿತು. ಪಕ್ಕದವನು ಬರೆದುಕೊಳ್ಳುತ್ತಿದ್ದ. ಅವಳೂ ಪೆನ್ನು ತೆಗೆದು ಬರೆದುಕೊಂಡಳು.

ಕೋಣೆಗೆ ಬಂದು ಹೇಳಿದಾಗ ಶ್ವೇತಾ ಸಿಡಿದಳು. "ಎದ್ದು ನಿಂತು ಅನ್ನಬೇಕಿತ್ತಲೇ! ಬಾಯಿ ಇರಲಿಲ್ಲೇನ ನಿನಗ?"

"ಅಂದಿದ್ರ ಸರ್ಟಿಫಿಕೇಟ್ ಕೊಡತಿದ್ರೇನ?" ಎಂದಳು ರಾಜಶ್ರೀ. ಹಾಸಿಗೆ ಬಿಡಿಸಿ, "ಅವತ್ತೂ ಇಡು ಅಂದ್ರು, ಇಟ್ಟೆ. ನನಗೂ ಕೆಲಸ ಬೇಕಾಗಿತ್ತು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಸರ್ಟಿಫಿಕೇಟ್ ಬಂತು. ಜೆ.ಪಿ. ನಗರದಲ್ಲಿ ಕೆಲಸವೂ ಆಯಿತು. ಅಲ್ಲಿಯ ಗೋಡೆಗೆ ಎಲ್ಲ ಟ್ರೈನರುಗಳ ಸರ್ಟಿಫಿಕೇಟುಗಳನ್ನು ಫ್ರೇಮ್ ಹಾಕಿಸಿ ತೂಗುಹಾಕಿದ್ದರು. ಅವಳ ಹೆಸರಿನ ಕೆಳಗೆ ಚಕ್ರಪಾಣಿಯವರ ಸಹಿ ದಪ್ಪಗೆ ಕಾಣುತ್ತಿತ್ತು. ಬೇರೆ ಕಡೆ ಜಾಗವಿಲ್ಲದ್ದರಿಂದ ಅವಳು ದಿನಾ ಅದರ ಎದುರಿಗೇ ಚಾಪೆ ಹಾಸುತ್ತಿದ್ದಳು.