ಬೆಳ್ಳಗಾದ ಬೆರಳು

ಪೀಣ್ಯದಲ್ಲಿ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತವರ ಕೈ ಪೂರ್ತಿ ಬೆಳ್ಳಗಾಗುವುದೇ ಇಲ್ಲ. ಶಿಫ್ಟ್ ಮುಗಿದ ಮೇಲೆ ಮರದ ಹೊಟ್ಟಿಗೆ ಸೋಪಿನ ಪುಡಿ ಬೆರೆಸಿ ಮೊಣಕೈವರೆಗೆ ತಿಕ್ಕುತ್ತಿದ್ದೆವು. ಅಂಗೈ ಬೆಳ್ಳಗಾಗುತ್ತಿತ್ತು. ಬೆರಳ ತುದಿಯ ಗೆರೆಗಳಲ್ಲಿ ಕೂತ ಎಣ್ಣೆಗಪ್ಪು ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಮದುವೆಗೆ ಹೋಗುವುದಿದ್ದರೆ ಹಿಂದಿನ ದಿನ ಎಮರಿ ಪೇಪರಿನ ಒಂದು ತುಂಡನ್ನು ಜೇಬಿಗಿಳಿಸಿಕೊಂಡು ಮನೆಗೆ ಹೋಗುವುದು ನಮ್ಮ ರೂಢಿ. ಕಬ್ಬಿಣದ ತುಕ್ಕು ತೆಗೆಯುವ ಕಾಗದ ಅದು. ನಾವು ಅದರಲ್ಲಿ ಬೆರಳು ಉಜ್ಜಿಕೊಳ್ಳುತ್ತಿದ್ದೆವು. ಪಂಕ್ತಿಯಲ್ಲಿ ಕೂತು ಎಲೆಗೆ ಕಪ್ಪು ಕೈ ಹಾಕಲು ನಾಚಿಕೆ, ಅಷ್ಟೆ.

ಒಮ್ಮೆ ನಮ್ಮ ಕಾರ್ಖಾನೆಯ ಯಂತ್ರವೊಂದು ಹೊರದೇಶಕ್ಕೆ ಹೋಯಿತು. ಅದನ್ನು ಅಲ್ಲಿ ಕೂರಿಸಿ, ಓಡಿಸಿ ತೋರಿಸಿ ಬರಲು ಮಾಲೀಕರು ನನ್ನನ್ನೇ ಆರಿಸಿದರು. ಕೆಲಸ ಮುಗಿಸಿ ಬಂದರೆ ಸೂಪರ್‌ವೈಸರ್ ಮಾಡುತ್ತೇನೆ, ಆಮೇಲೆ ನೀನು ಗ್ರೈಂಡಿಂಗ್ ಕಲ್ಲಿನ ಮುಂದೆ ನಿಲ್ಲಬೇಕಾಗಿಲ್ಲ ಎಂದರು. ಹದಿನಾಲ್ಕು ವರ್ಷ ಆ ಕಲ್ಲಿನ ಧೂಳು ಕುಡಿದು ನನಗೆ ಕೆಮ್ಮು ಅಂಟಿಕೊಂಡಿತ್ತು. ಹೆಂಡತಿಗೆ ವಿದೇಶಕ್ಕಿಂತ ಆ ಎರಡನೆಯ ಮಾತೇ ದೊಡ್ಡದಾಯಿತು. ಲಗ್ಗೆರೆಯ ನಮ್ಮ ಬೀದಿಯಲ್ಲಿ ಅವಳು ಹೇಳದ ಮನೆ ಉಳಿಯಲಿಲ್ಲ.

ವೀಸಾಕ್ಕೆ ಹತ್ತೂ ಬೆರಳಿನ ಗುರುತು ಕೊಡಬೇಕಿತ್ತು. ಶಿಫ್ಟಿನ ನಡುವೆಯೇ ಎದ್ದು, ಹಳೇ ಬಟ್ಟೆಗೆ ಕೈ ಒರೆಸಿಕೊಂಡು ಹೋದೆ. ಗಾಜಿನ ಮೇಲೆ ಬೆರಳಿಟ್ಟ ತಕ್ಷಣ ಯಂತ್ರ ಗುರುತು ಹಿಡಿದುಕೊಂಡಿತು. ಅಲ್ಲಿ ಕೂತಿದ್ದ ಹೆಣ್ಣುಮಗಳು ಮಾತ್ರ ನಾನು ಎದ್ದ ಮೇಲೆ ಗಾಜನ್ನು ಎರಡೆರಡು ಸಲ ಒರೆಸಿದಳು. ಅದು ನನಗೆ ಚುರುಕ್ಕೆಂದಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹೇಳಬಾರದಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ನನ್ನನ್ನು ಹೊಸ್ತಿಲ ಬಳಿ ಕೂರಿಸಿ, ಕೈಯನ್ನು ಬಿಸಿನೀರಲ್ಲಿ ನೆನೆಸಿ, ನಾನು ತಂದಿಟ್ಟಿದ್ದ ಎಮರಿ ಪೇಪರ್ ಹಿಡಿದಳು. ಒಂದೊಂದೇ ಬೆರಳು. ಉರಿಯುತ್ತೆ, ಸಾಕು ಎಂದರೂ ಬಿಡಲಿಲ್ಲ.

"ಅಲ್ಲಿ ಯಾರೂ ನೀವು ಮುಟ್ಟಿದ್ದನ್ನ ಒರೆಸ್ಬಾರ್ದು ಕಣ್ರೀ" ಎಂದಳು.

ಮುಗಿದಾಗ ನನ್ನ ಬೆರಳು ಯಾರೋ ಗುಮಾಸ್ತರ ಬೆರಳಿನ ಹಾಗಿತ್ತು. ಇಬ್ಬರಿಗೂ ಖುಷಿಯಾಯಿತು.

ಆ ದೇಶದಲ್ಲಿ ಇಳಿದು, ಹೊರಗಿನವರ ಸಾಲಿನಲ್ಲಿ ನಿಂತು, ಗಾಜಿನ ಮೇಲೆ ಬೆರಳಿಟ್ಟೆ. ಕೆಂಪು ದೀಪ. ಇನ್ನೊಮ್ಮೆ ಇಟ್ಟೆ, ಕೆಂಪು. ಅಧಿಕಾರಿ ಒದ್ದೆ ಕಾಗದ ಕೊಟ್ಟರು, ಒತ್ತಿ ಹಿಡಿ ಎಂದರು, ಕೊನೆಗೆ ತಾವೇ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಒತ್ತಿದರು. ಹಿಂದಿದ್ದವರು ಬೇರೆ ಸಾಲಿಗೆ ಸರಿದರು. ನನ್ನನ್ನು ಒಂದು ಕೋಣೆಗೆ ಕರೆದೊಯ್ದರು.

ಅಲ್ಲಿ ಫೋನಿನಲ್ಲಿ ಒಬ್ಬರು ಅಧಿಕಾರಿಗಳ ಪ್ರಶ್ನೆಗಳನ್ನು ಹಿಂದಿಯಲ್ಲಿ ಹೇಳುತ್ತಿದ್ದರು. ಬೆರಳಿಗೆ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರು. ಎಮರಿ ಪೇಪರಿನಲ್ಲಿ ಉಜ್ಜಿದ್ದು ಎಂದೆ. ಯಾರು ಉಜ್ಜಿದರು? ನಾನೇ ಎಂದೆ. ಹೆಂಡತಿಯನ್ನು ಆ ಕೋಣೆಗೆ ಎಳೆದು ತರಲು ನಾಲಿಗೆ ಏಳಲಿಲ್ಲ. ಯಾಕೆ ಎಂದಾಗ, ಬೆಳ್ಳಗಾಗಲಿ ಅಂತ ಎಂದೆ. ಫೋನಿನ ಆ ಕಡೆಯವರು ಅದನ್ನು ಇನ್ನೊಮ್ಮೆ ಹೇಳಿಸಿದರು. ಗುರುತು ಮುಚ್ಚಿಡಲು ಬೆರಳು ಸವೆಸಿಕೊಂಡು ಬರುವ ಕಳ್ಳರು ಇರುತ್ತಾರಂತೆ, ಅದನ್ನು ಅವರೇ ಆಮೇಲೆ ಹೇಳಿದರು. ವೀಸಾಕ್ಕೆ ಬೆರಳು ಕೊಟ್ಟವನು ನಾನೇ ಎನ್ನಲು ಆಧಾರವಿಲ್ಲ ಎಂದು ನನ್ನನ್ನು ಮುಂದಿನ ವಿಮಾನದಲ್ಲೇ ವಾಪಸ್ ಕಳಿಸಿದರು. ಕಪ್ಪು ಕೈಯನ್ನು ಒಪ್ಪಿಕೊಂಡ ದೇಶ ತೊಳೆದ ಕೈಯನ್ನು ಒಪ್ಪಲಿಲ್ಲ. ಮೈಯೆಲ್ಲ ಉರಿದುಹೋಗಿತ್ತು, ಯಾರ ಮೇಲೆ ಉರಿಯಬೇಕೋ ಅದು ಮಾತ್ರ ತಿಳಿಯಲಿಲ್ಲ.

ಮಾಲೀಕರಿಗೆ ಎಲ್ಲ ಹೇಳಿದೆ. ಹೆಂಡತಿಗೆ, ನಮ್ಮ ಕಂಪನಿಯವರು ಕೊಟ್ಟ ಕಾಗದ ತಪ್ಪಿತ್ತು ಎಂದುಬಿಟ್ಟೆ. ಯಂತ್ರ ಕೂರಿಸಲು ಇನ್ನೊಬ್ಬರು ಹೋದರು, ಸೂಪರ್‌ವೈಸರ್ ಆದವರೂ ಅವರೇ. ನಾನು ಮತ್ತೆ ಕಲ್ಲಿನ ಮುಂದೆ ನಿಂತೆ. ನಾನು ಕೆಮ್ಮಿದಾಗಲೆಲ್ಲ ಅವಳು, ಒಂದು ಕಾಗದ ನೆಟ್ಟಗೆ ಬರೆಯಲು ಬಾರದ ಮಾಲೀಕರಿಗೆ ಶಾಪ ಹಾಕುತ್ತಿದ್ದಳು. ಆ ಪಾಪದ ಮನುಷ್ಯನ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ.

ನಾಲ್ಕೈದು ವರ್ಷದ ಮೇಲೆ ಹೊಸ ಗುರುತಿನ ಚೀಟಿಗೆ ಬೆರಳು ಕೊಡಲು ಇಬ್ಬರೂ ಹತ್ತಿರದ ಶಾಲೆಗೆ ಹೋದೆವು. ಮೊದಲು ಅವಳು ಕೂತಳು. ಮನೆಯಲ್ಲಿ ಅಗರಬತ್ತಿ ಹೊಸೆದು ಹೊಸೆದು ಅವಳ ಬೆರಳೂ ನುಣ್ಣಗಾಗಿತ್ತು. ಯಂತ್ರ ಹಿಡಿಯಲಿಲ್ಲ. ಯಂತ್ರ ನಡೆಸುತ್ತಿದ್ದವರು ಅವಳ ಕೈ ತಿರುಗಿಸಿ ನೋಡಿದರು.

"ಗೆರೆನೇ ಇಲ್ವಲ್ಲಕ್ಕ. ಕಲ್ಲಿಗೇನಾದ್ರೂ ಉಜ್ಜುದ್ರಾ? ಬೆರಳು ಸವ್ದೋದ್ರೆ ಮಷೀನ್ ತಗೊಳಲ್ಲ."

ಅವಳು ತನ್ನ ಕೈ ನೋಡಿಕೊಳ್ಳಲಿಲ್ಲ, ನನ್ನ ಕೈ ನೋಡಿದಳು. ಒಂದು ತಿಂಗಳು ಬಿಟ್ಟು ಬನ್ನಿ ಎಂದು ಅವರು ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ನನ್ನ ಸರದಿಗೂ ಕಾಯದೆ ಎದ್ದು ಹೊರಟಳು, ನಾನೂ ಹಿಂದೆ ಹೋದೆ. ಮನೆಯ ಬೀಗ ತೆಗೆಯುವಾಗ ಕೇಳಿದಳು.

"ಅವತ್ತು ಕಾಗ್ದ ಸರಿಯಾಗೇ ಇತ್ತು, ಅಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಕೆಮ್ಮು ಬಂತು, ನಿಲ್ಲಲಿಲ್ಲ. ಅವಳು ಒಳಗೆ ಹೋಗಿ ನೀರು ತಂದಳು. ಲೋಟ ಕೊಡುವಾಗ ತನ್ನ ಬೆರಳು ನನ್ನ ಬೆರಳಿಗೆ ತಾಗದ ಹಾಗೆ ಹಿಡಿದಿದ್ದಳು.